ಮುಕ್ತ ತಂತ್ರಾಂಶಕ್ಕೆ ಬಳಕೆದಾರರಿಂದ ಹಣ ಕೇಳುವ ಬಗೆಗಳು: ಯಾವುದು ಯಾರಿಗೆ ಒಗ್ಗುತ್ತದೆ

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಪರವಾನಗಿಯಲ್ಲಿ ಬಿಟ್ಟ ತಂತ್ರಾಂಶವೊಂದನ್ನು ಒಬ್ಬರೋ ಇಬ್ಬರೋ ಬಿಡುವಿನ ವೇಳೆಯಲ್ಲಿ ಬೆಳೆಸುತ್ತ ಬಂದಿರುತ್ತಾರೆ. ಬಳಸುವವರ ಸಂಖ್ಯೆ ಸಾವಿರ ದಾಟುತ್ತದೆ, ದೂರುಗಳೂ ಬೇಡಿಕೆಗಳೂ ದಿನವೂ ಬರತೊಡಗುತ್ತವೆ, ಸಂಜೆಯ ಬಿಡುವು ಯಾವುದಕ್ಕೂ ಸಾಲದಾಗುತ್ತದೆ. ಇಂಥ ಹೊತ್ತಿನಲ್ಲಿ ಬಳಕೆದಾರರನ್ನೇ ಹಣ ಕೇಳುವುದು ತಪ್ಪಲ್ಲ, ಸಂಕೋಚಪಡಬೇಕಾದ ಸಂಗತಿಯೂ ಅಲ್ಲ. ಆದರೆ ಎಲ್ಲಿ ಕೇಳಬೇಕು, ಎಷ್ಟು ಸಲ ಕೇಳಬೇಕು, ಯಾವ ಕೆಲಸಕ್ಕೆಂದು ಕೇಳಬೇಕು ಎಂಬುದನ್ನು ಮೊದಲೇ ಯೋಚಿಸದೆ, ಕೋಡಿನ ಜೊತೆಗಿರುವ ರೀಡ್‌ಮೀ ಎಂಬ ಪರಿಚಯ ಕಡತದ ತಳದಲ್ಲಿ ‘ದೇಣಿಗೆ ನೀಡಿ’ ಎಂಬ ಗುಂಡಿಯೊಂದನ್ನು ಅಂಟಿಸಿ ಕಾಯುತ್ತ ಕೂರುವ ತಂಡಗಳು ಬಹಳ. ಆ ಗುಂಡಿ ಕಾಣುವುದು ಕೋಡ್ ಓದಲು ಬಂದವರಿಗೆ ಮಾತ್ರ. ತಂತ್ರಾಂಶವನ್ನು ದಿನನಿತ್ಯ ಬಳಸುವವರು ಆ ಪುಟದತ್ತ ಹಾಯುವುದೇ ಇಲ್ಲ.

ಈ ಮಾರ್ಗದರ್ಶಿಯನ್ನು ಸಣ್ಣ ತಂಡಗಳನ್ನು, ಅದರಲ್ಲೂ ಭಾರತದಲ್ಲಿದ್ದು ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟು ಬರೆಯಲಾಗಿದೆ. ದಾರಿಗಳನ್ನು ಹೋಲಿಸುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಬಳಸುವವರಿಗೆ ನಿಮ್ಮ ತಂತ್ರಾಂಶ ತನ್ನ ಹೆಸರಿನಿಂದ, ಪರದೆಯ ಮೇಲೆ ಕಾಣುತ್ತದೆಯೇ, ಅಥವಾ ಬೇರೊಂದು ತಂತ್ರಾಂಶದ ಒಳಗೆ ಅಡಗಿ ಕೆಲಸ ಮಾಡುತ್ತದೆಯೇ? ನಿಮಗೆ ಬೇಕಾದ ಹಣ ಗೊತ್ತಾದ ಒಂದು ಕೆಲಸವನ್ನು ಮುಗಿಸುವುದಕ್ಕೋ, ಅಥವಾ ಒಬ್ಬರ ತಿಂಗಳ ಸಂಬಳಕ್ಕೋ? ಯಾವ ಜಾಲತಾಣದ ಮೂಲಕ ಹಣ ಪಡೆಯಬೇಕು ಎಂಬ ಚರ್ಚೆಯಲ್ಲಿ ತಂಡಗಳು ವಾರಗಟ್ಟಲೆ ಕಳೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ತೀರ್ಮಾನಿಸಬೇಕಾದ ವಿಷಯ.

ತಂತ್ರಾಂಶದ ಒಳಗೇ ಕೇಳುವುದು

ಪರದೆಯ ಮೇಲೆ ಕಾಣುವ ತಂತ್ರಾಂಶಕ್ಕೆ ಇದಕ್ಕಿಂತ ಫಲ ಕೊಡುವ ದಾರಿ ಇನ್ನೊಂದಿಲ್ಲ. ಇದಕ್ಕೆ ಥಂಡರ್‌ಬರ್ಡ್ ಒಳ್ಳೆಯ ಸಾಕ್ಷಿ. 2012ರಲ್ಲಿ ಮೊಜಿಲ್ಲಾ ಸಂಸ್ಥೆ ಈ ಇ-ಮೇಲ್ ತಂತ್ರಾಂಶಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವ ಕೆಲಸದಿಂದ ಹಿಂದೆ ಸರಿದಾಗ, ಅದರ ಕಥೆ ಮುಗಿಯಿತೆಂದು ಭಾವಿಸಿದವರು ಅನೇಕರಿದ್ದರು. ಬಳಕೆದಾರರ ದೇಣಿಗೆಯೇ ಅದನ್ನು ಉಳಿಸಿತು. 2021ರಲ್ಲಿ ಸುಮಾರು 28 ಲಕ್ಷ ಡಾಲರ್ ಇದ್ದ ದೇಣಿಗೆ 2022ರಲ್ಲಿ ಸುಮಾರು 64 ಲಕ್ಷ ಡಾಲರಿಗೆ ಏರಿತು, 2023ರಲ್ಲಿ 86 ಲಕ್ಷ ಡಾಲರಿನ ಸಮೀಪಕ್ಕೆ ಬಂದಿತು. 2022ರ ಕೊನೆಯಲ್ಲಿ ತಂಡ ತನ್ನ ಕೋರಿಕೆಯನ್ನು ತಂತ್ರಾಂಶದ ಒಳಗೇ ತೋರಿಸಿದ್ದು ಈ ಏರಿಕೆಯ ಹಿಂದಿದ್ದ ದೊಡ್ಡ ಕಾರಣ. ಕೊಡುವ ಮನಸ್ಸಿದ್ದವರು ಮೊದಲೂ ಇದ್ದರು, ಅವರಿಗೆ ಕೇಳಿಸುವ ಜಾಗದಲ್ಲಿ ಯಾರೂ ಕೇಳಿರಲಿಲ್ಲ ಅಷ್ಟೆ.

ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಕೆಡಿಇ ಸಮುದಾಯವೂ ಇದೇ ದಾರಿ ಹಿಡಿದಿದೆ. ಅದರ ಡೆಸ್ಕ್‌ಟಾಪ್ ಆದ ಪ್ಲಾಸ್ಮಾದ 2024ರ 6.2 ಆವೃತ್ತಿಯಿಂದ ವರ್ಷಕ್ಕೊಮ್ಮೆ, ಡಿಸೆಂಬರ್ ತಿಂಗಳಿನಲ್ಲಿ, ದೇಣಿಗೆ ಕೋರುವ ಒಂದು ಸಣ್ಣ ಸೂಚನೆ ಪರದೆಯ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ, ಬೇಡವೆಂದವರು ಅದನ್ನು ನಿಲ್ಲಿಸಿಬಿಡಬಹುದು. ಹೀಗೆ ಕೇಳಿದರೆ ಜನ ಸಿಟ್ಟಾಗುತ್ತಾರೆ ಎಂಬ ಆತಂಕ ಸಮುದಾಯದೊಳಗೇ ಇತ್ತು, ಆದರೆ ಮೊದಲ ಡಿಸೆಂಬರಿನಲ್ಲೇ ದೇಣಿಗೆ ಗಣನೀಯವಾಗಿ ಹೆಚ್ಚಿತು. ವಿಮ್ ಪಠ್ಯ ಸಂಪಾದಕವನ್ನು ತೆರೆದವರೆಲ್ಲರೂ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲನ್ನು ಕಂಡಿರುತ್ತಾರೆ. ಅದನ್ನು ಬರೆದ ಬ್ರಾಮ್ ಮೂಲೆನಾರ್ 2023ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತಂತ್ರಾಂಶ ಮೆಚ್ಚಿದವರನ್ನು ಅಲ್ಲಿನ ಕಿಬಾಲೆಯ ಮಕ್ಕಳಿಗಾಗಿ ದುಡಿಯುವ ಸಂಸ್ಥೆಯ ಕಡೆಗೆ ಕಳಿಸುತ್ತಿದ್ದರು. ತೆರೆದ ಕೂಡಲೇ ಕಾಣುವ, ಟೈಪ್ ಮಾಡಲು ಆರಂಭಿಸಿದೊಡನೆ ಮರೆಯಾಗುವ ಆ ಒಂದು ಸಾಲು ದಶಕಗಳ ಕಾಲ ಯಾರ ಕೆಲಸಕ್ಕೂ ಅಡ್ಡಿಯಾಗಲಿಲ್ಲ.

ಅಡ್ಡಿಯಾದ ಉದಾಹರಣೆಯೂ ಇದೆ. 2019ರ ಆಗಸ್ಟಿನಲ್ಲಿ ಸ್ಟ್ಯಾಂಡರ್ಡ್ ಎಂಬ ಜಾವಾಸ್ಕ್ರಿಪ್ಟ್ ಉಪಕರಣವು ಅಳವಡಿಕೆಯ ಸಮಯದಲ್ಲಿ ಟರ್ಮಿನಲ್‌ನಲ್ಲಿ, ಎಂದರೆ ಆದೇಶಗಳನ್ನು ಟೈಪ್ ಮಾಡುವ ಪರದೆಯಲ್ಲಿ, ಪ್ರಾಯೋಜಕರ ಜಾಹೀರಾತು ತೋರಿಸಿತು. ಡೆವಲಪರ್‌ಗಳು ತೀವ್ರವಾಗಿ ವಿರೋಧಿಸಿದರು, ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಹಂಚುವ ಎನ್‌ಪಿಎಂ ಸಂಸ್ಥೆ ಇಂಥ ಜಾಹೀರಾತುಗಳಿಗೆ ನಿಷೇಧ ಘೋಷಿಸಿತು. ಅದೇ ವರ್ಷದ ಕೊನೆಗೆ ಬಂದ ಎನ್‌ಪಿಎಂ ಆವೃತ್ತಿಯಲ್ಲಿ ‘ಇಷ್ಟು ಪ್ಯಾಕೇಜುಗಳು ಹಣದ ನೆರವು ಹುಡುಕುತ್ತಿವೆ’ ಎಂಬ ಒಂದೇ ಸಾಲಿನ ಸೂಚನೆಯೂ, ಅವು ಯಾವುವೆಂದು ತೋರಿಸುವ ಆದೇಶವೂ ಸೇರಿಕೊಂಡವು. ಹೊರಗಿನವರ ಸರಕನ್ನು ಪ್ರಚಾರ ಮಾಡುವ ಜಾಹೀರಾತನ್ನು ಸಹಿಸದ ಜನರೇ ತಂತ್ರಾಂಶದ ಸ್ವಂತ ಕೋರಿಕೆಯನ್ನು ಸಹಿಸುತ್ತಾರೆ. ಈ ಗೆರೆಯನ್ನು ದಾಟಬಾರದು.

ಯಾವಾಗ ಕೇಳಬೇಕೆಂಬುದಕ್ಕೂ ಕ್ರಮವಿದೆ. ಮೊದಲ ಸಲ ತೆರೆದವರನ್ನು ಕೇಳಬಾರದು, ಅವರಿಗೆ ನಿಮ್ಮಿಂದ ಇನ್ನೂ ಏನೂ ದಕ್ಕಿಲ್ಲ. ಕಡತ ಉಳಿಸುವಾಗ, ಮುದ್ರಿಸುವಾಗ, ದೋಷ ಬಂದು ಕೆಲಸ ನಿಂತಾಗಲೂ ಕೇಳಬಾರದು. ಕೆಲವು ವಾರಗಳ ಬಳಕೆಯ ನಂತರ, ಕೆಲಸವೊಂದು ಮುಗಿದ ಗಳಿಗೆಯಲ್ಲಿ, ವರ್ಷಕ್ಕೊಮ್ಮೆ ಕೇಳಿದರೆ ಸಾಕು. ‘ಮತ್ತೆ ತೋರಿಸಬೇಡಿ’ ಎಂದವರಿಗೆ ನಿಜವಾಗಿಯೂ ಮತ್ತೆ ತೋರಿಸಬಾರದು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ತಿಳಿಯುವ ನೆಪದಲ್ಲಿ ಬಳಕೆದಾರರ ಜಾಡು ಹಿಡಿಯುವ ಕೋಡನ್ನು ಸೇರಿಸುವುದಂತೂ ಮುಕ್ತ ತಂತ್ರಾಂಶದ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ.

ಕೋರಿಕೆಯ ಭಾಷೆಯ ಮೇಲೂ ಅಷ್ಟೇ ಗಮನ ಬೇಕು. 2015ರಲ್ಲಿ ಎಲಿಮೆಂಟರಿ ಓಎಸ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಂಡ, ಸಾವಿರಕ್ಕೆ ಒಬ್ಬಿಬ್ಬರು ಮಾತ್ರ ಹಣ ಕೊಟ್ಟು ಡೌನ್‌ಲೋಡ್ ಮಾಡುತ್ತಾರೆ ಎಂಬ ತನ್ನ ಕಷ್ಟವನ್ನು ಹೇಳಿಕೊಂಡಿತು. ಆ ಕಷ್ಟ ನಿಜವಾದದ್ದೇ. ಆದರೆ ಹಣ ಕೊಡದವರು ವ್ಯವಸ್ಥೆಗೆ ಮೋಸ ಮಾಡುತ್ತಿದ್ದಾರೆ ಎಂಬ ಅರ್ಥ ಬರುವಂತೆ ಬರೆದದ್ದರಿಂದ ಚರ್ಚೆಯೆಲ್ಲ ಆ ಮಾತಿನ ಸುತ್ತಲೇ ಸುತ್ತಿತು, ತಂಡದ ಕಷ್ಟ ಹಿಂದೆ ಸರಿಯಿತು. ಉಚಿತವಾಗಿ ಪಡೆಯುವ ಹಕ್ಕನ್ನು ಪರವಾನಗಿಯಲ್ಲಿ ನಾವೇ ಕೊಟ್ಟ ಮೇಲೆ, ಅದನ್ನು ಬಳಸಿಕೊಂಡವರನ್ನು ದೂರುವುದು ನ್ಯಾಯವಲ್ಲ. ಕನ್ನಡ ನಿಘಂಟಿನ ಆ್ಯಪ್ ಒಂದಕ್ಕೆ ಕೋರಿಕೆ ಬರೆಯಬೇಕಾದರೆ ನಾನು ಹೀಗೆ ಬರೆಯುತ್ತೇನೆ:

‘ಈ ಆ್ಯಪ್ ಅನ್ನು ಇಬ್ಬರು ನೋಡಿಕೊಳ್ಳುತ್ತಿದ್ದೇವೆ. ಸರ್ವರ್ ಬಾಡಿಗೆಗೆ ಮತ್ತು ತಿಂಗಳಿಗೆ ಆರು ದಿನಗಳ ಕೆಲಸಕ್ಕೆ ಈ ವರ್ಷ 3 ಲಕ್ಷ ರೂಪಾಯಿ ಬೇಕು. ನಿಮಗೆ ಇದರಿಂದ ಉಪಯೋಗವಾಗಿದ್ದರೆ, ಅನುಕೂಲವಿದ್ದರೆ, ಕೈಲಾದಷ್ಟು ಕೊಡಿ. ಕೊಡಲಾಗದಿದ್ದರೂ ಆ್ಯಪ್ ಈಗಿನಂತೆಯೇ ನಡೆಯುತ್ತದೆ. ಮುಂದಿನ ಡಿಸೆಂಬರ್‌ವರೆಗೆ ಮತ್ತೆ ಕೇಳುವುದಿಲ್ಲ.’

ಇದರಲ್ಲಿ ಯಾರು, ಏತಕ್ಕೆ, ಎಷ್ಟು ಎಂಬ ಮೂರಕ್ಕೂ ಉತ್ತರವಿದೆ, ಬೆದರಿಕೆಯಿಲ್ಲ. ‘ನೀವು ಕೊಡದಿದ್ದರೆ ನಿಂತುಹೋಗುತ್ತದೆ’ ಎಂಬ ಮಾತನ್ನು ಅದು ನಿಜವಾಗಿದ್ದಾಗ ಮಾತ್ರ ಬರೆಯಬೇಕು.

ಈ ದಾರಿಗೆ ಒಂದು ಅಡಚಣೆಯಿದೆ. ಪ್ಲೇ ಸ್ಟೋರ್ ಮತ್ತು ಆ್ಯಪ್ ಸ್ಟೋರ್‌ಗಳು ಆ್ಯಪಿನ ಒಳಗಿಂದ ಹೊರಗಿನ ಪಾವತಿ ಪುಟಕ್ಕೆ ಕರೆದೊಯ್ಯುವುದನ್ನು ಬಿಗಿಯಾಗಿ ನಿಯಂತ್ರಿಸುತ್ತವೆ. 2019ರ ಅಕ್ಟೋಬರಿನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಆ್ಯಪನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿದ್ದು ಅದರೊಳಗಿದ್ದ ದೇಣಿಗೆಯ ಕೊಂಡಿಯ ಕಾರಣಕ್ಕಾಗಿ, ಕೊಂಡಿ ತೆಗೆದ ಮೇಲೆ ಅದು ಮರಳಿತು. ಆದ್ದರಿಂದ ಮೊಬೈಲ್ ಆ್ಯಪ್ ನಡೆಸುವವರು ಆಯಾ ಸ್ಟೋರ್‌ನ ಈಗಿನ ನಿಯಮವನ್ನು ಓದದೆ ಒಂದು ಗುಂಡಿಯನ್ನೂ ಸೇರಿಸಬಾರದು. ಸ್ಟೋರ್‌ಗಳ ಹೊರಗೆ ಹಂಚುವ ಕಂಪ್ಯೂಟರಿನ ತಂತ್ರಾಂಶಗಳಿಗೆ ಈ ತೊಡಕಿಲ್ಲ.

ಸಿದ್ಧ ಪ್ರತಿಗೆ ಬೆಲೆ ಕಟ್ಟುವುದು

ಮುಕ್ತ ತಂತ್ರಾಂಶವನ್ನು ಮಾರಬಾರದೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಮುಕ್ತ ತಂತ್ರಾಂಶಗಳಲ್ಲಿ ಬಹಳ ಬಳಕೆಯಲ್ಲಿರುವ ಜಿಪಿಎಲ್ ಪರವಾನಗಿಯೇ ಪ್ರತಿಗೆ ಬೆಲೆ ಪಡೆಯಲು ಅನುಮತಿ ಕೊಡುತ್ತದೆ, ಕೊಂಡವರಿಗೆ ಮೂಲ ಕೋಡ್ ಸಿಗಬೇಕು ಮತ್ತು ಅವರು ಅದನ್ನು ಹಂಚಬಹುದು ಎಂಬುದಷ್ಟೇ ಅದರ ಷರತ್ತು. ಧ್ವನಿಮುದ್ರಣದ ತಂತ್ರಾಂಶವಾದ ಆರ್ಡರ್ (Ardour) ಬಹಳ ಕಾಲದಿಂದ ಹೀಗೆಯೇ ನಡೆದಿದೆ. ಕೋಡ್ ಎಲ್ಲರಿಗೂ ಉಚಿತ, ಅದನ್ನು ಕಟ್ಟಿ, ನೇರವಾಗಿ ಅಳವಡಿಸಿಕೊಳ್ಳುವಂತೆ ಸಿದ್ಧಪಡಿಸಿದ ಪ್ರತಿ ಬೇಕೆನ್ನುವವರು ಹಣ ಕೊಡಬೇಕು. ಕಾನ್ವರ್ಸೇಷನ್ಸ್ ಎಂಬ ಸಂದೇಶ ಆ್ಯಪ್ ಮತ್ತು ಕ್ಯಾಲೆಂಡರ್ ಹೊಂದಿಸುವ ಡಾವ್‌ಎಕ್ಸ್5 ಪ್ಲೇ ಸ್ಟೋರ್‌ನಲ್ಲಿ ಬೆಲೆಗೆ, ಮುಕ್ತ ಆ್ಯಪ್‌ಗಳ ಸ್ಟೋರ್ ಆದ ಎಫ್-ಡ್ರಾಯ್ಡ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ಕೃತಾ ಚಿತ್ರಕಲೆಯ ತಂತ್ರಾಂಶ ತನ್ನ ತಾಣದಲ್ಲಿ ಉಚಿತ, ಸ್ಟೀಮ್ ಮತ್ತು ಮೈಕ್ರೋಸಾಫ್ಟ್ ಸ್ಟೋರ್‌ಗಳಲ್ಲಿ ಬೆಲೆಯುಳ್ಳದ್ದು. ಲಿಬ್ರೆ ಆಫೀಸ್ ಕೂಡ 2022ರಿಂದ ಆಪಲ್ ಕಂಪ್ಯೂಟರುಗಳ ಸ್ಟೋರ್‌ನಲ್ಲಿ ಸಣ್ಣ ಬೆಲೆಗೆ ಸಿಗುತ್ತಿದೆ.

ದೇಣಿಗೆ ಕೇಳಲು ಹಿಂಜರಿಯುವ ತಂಡಕ್ಕೆ ಇದು ಒಗ್ಗುವ ದಾರಿ. ಕೊಡುವವರಿಗೂ ತಾವು ಕೊಟ್ಟಿದ್ದಕ್ಕೆ ಪ್ರತಿಯಾಗಿ ಒಂದು ಅನುಕೂಲ ದೊರೆತ ಸಮಾಧಾನವಿರುತ್ತದೆ, ತಾನಾಗಿ ಬರುವ ನವೀಕರಣ ಅಂಥದ್ದೊಂದು. ಆದರೆ ಹಣ ಕೊಟ್ಟವರು ಗ್ರಾಹಕರಾಗುತ್ತಾರೆ, ಅವರ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ಬರುತ್ತದೆ. ಅಂಗಡಿಗೂ ಪಾಲು ಸಲ್ಲಬೇಕು: ಗೂಗಲ್ 2021ರಿಂದ ವರ್ಷದ ಮೊದಲ 10 ಲಕ್ಷ ಡಾಲರ್ ವರಮಾನದವರೆಗೆ ಶೇ 15ರಷ್ಟನ್ನು ಪಡೆಯುವ ದರ ತಂದಿತು. ನಿಮ್ಮ ಕೋಡನ್ನೇ ಬೇರೊಬ್ಬರು ಕಟ್ಟಿ ಅಗ್ಗಕ್ಕೆ ಮಾರುವುದನ್ನು ಪರವಾನಗಿ ತಡೆಯುವುದಿಲ್ಲವಾದ್ದರಿಂದ, ತಂತ್ರಾಂಶದ ಹೆಸರು ಮತ್ತು ಲಾಂಛನವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಳ್ಳುವುದು ಜಾಣತನ.

ಮಾರಾಟ ಮತ್ತು ದೇಣಿಗೆ ಎರಡನ್ನೂ ಒಂದೇ ಸಂಸ್ಥೆಯಲ್ಲಿ ಬೆರೆಸುವವರು ಕೃತಾ ಪ್ರತಿಷ್ಠಾನಕ್ಕೆ ಆದದ್ದನ್ನು ತಿಳಿದಿರಬೇಕು. 2017ರಲ್ಲಿ ನೆದರ್‌ಲೆಂಡ್ಸ್‌ನ ತೆರಿಗೆ ಇಲಾಖೆ ಅದರ ಲೆಕ್ಕಪತ್ರ ಪರಿಶೀಲಿಸಿ ಸುಮಾರು 24,000 ಯೂರೊ ಕಟ್ಟುವಂತೆ ಹೇಳಿದಾಗ, ಆ ಸಣ್ಣ ತಂಡದ ಕೆಲಸವೇ ನಿಲ್ಲುವಂತಾಯಿತು. ವಿಷಯ ತಿಳಿದ ಬಳಕೆದಾರರು ಧಾರಾಳವಾಗಿ ನೆರವಾದ್ದರಿಂದ ಪಾರಾಯಿತು.

ತಿಂಗಳ ಚಂದಾ

ಒಬ್ಬರು ನೌಕರಿ ಬಿಟ್ಟು ಪೂರ್ಣಾವಧಿ ಈ ಕೆಲಸಕ್ಕೆ ಕೂರಬೇಕಾದರೆ, ವರ್ಷಕ್ಕೊಮ್ಮೆ ಬರುವ ಹಣಕ್ಕಿಂತ ತಿಂಗಳಿಗಿಷ್ಟು ಎಂದು ಗೊತ್ತಾಗಿ ಬರುವ ಹಣ ಹೆಚ್ಚು ಧೈರ್ಯ ಕೊಡುತ್ತದೆ. ವ್ಯೂ ಜಾವಾಸ್ಕ್ರಿಪ್ಟ್ ಚೌಕಟ್ಟನ್ನು ಬರೆದ ಇವಾನ್ ಯೂ 2016ರಲ್ಲಿ ಪೇಟ್ರಿಯಾನ್ ಎಂಬ ತಾಣದ ಚಂದಾದಾರರ ಬಲದಿಂದಲೇ ಪೂರ್ಣಾವಧಿ ಕೆಲಸಕ್ಕೆ ಇಳಿದರು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಸ್ಪಾನ್ಸರ್ಸ್ ಸೌಲಭ್ಯ 2019ರ ಮೇ ತಿಂಗಳಲ್ಲಿ ಆರಂಭವಾಯಿತು, ವ್ಯಕ್ತಿಗಳು ಕೊಡುವ ಹಣದಲ್ಲಿ ಅದು ಪಾಲು ತೆಗೆದುಕೊಳ್ಳುವುದಿಲ್ಲ. ಫ್ರಾನ್ಸ್‌ನ ಲಿಬೆರಾಪೇ ಚಂದಾ ತಾಣ ಸ್ವತಃ ಮುಕ್ತ ತಂತ್ರಾಂಶ, ತಾನೂ ದೇಣಿಗೆಯಿಂದಲೇ ನಡೆಯುತ್ತದೆ. ಓಪನ್ ಸೋರ್ಸ್ ಕಲೆಕ್ಟಿವ್ ಬಂದ ಹಣದಲ್ಲಿ ಶೇ 10ರಷ್ಟನ್ನು ಪಡೆದು, ಪ್ರತಿಯಾಗಿ ನಿಮ್ಮ ಪರವಾಗಿ ಖಾತೆ ಹಿಡಿದು, ಪ್ರತಿಯೊಂದು ಜಮಾ-ಖರ್ಚನ್ನೂ ಎಲ್ಲರಿಗೂ ಕಾಣುವಂತೆ ಇಡುತ್ತದೆ. ಬೇರೆ ಬೇರೆ ದೇಶಗಳಲ್ಲಿರುವ, ನೋಂದಾಯಿತ ಸಂಸ್ಥೆಯಿಲ್ಲದ ತಂಡಕ್ಕೆ ಆ ಶೇ 10 ದುಬಾರಿಯಲ್ಲ.

ಸಣ್ಣ ಮೊತ್ತದ ಚಂದಾ ಕೇಳುವ ಮುನ್ನ ಒಂದು ಲೆಕ್ಕ ಹಾಕಿ ನೋಡಬೇಕು. ಅಮೆರಿಕದ ಕಾರ್ಡಿನ ಒಂದು ಪಾವತಿಗೆ ಶೇ 2.9 ಮತ್ತು ಅದರ ಮೇಲೆ 30 ಸೆಂಟ್ ಶುಲ್ಕವಿದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 1 ಡಾಲರ್‌ನಂತೆ ಹನ್ನೆರಡು ಸಲ ಕೊಟ್ಟವರ 12 ಡಾಲರಿನಲ್ಲಿ ಹೆಚ್ಚುಕಡಿಮೆ 4 ಡಾಲರ್ ಶುಲ್ಕಕ್ಕೇ ಹೋಗುತ್ತದೆ. ಅದೇ 12 ಡಾಲರನ್ನು ಒಮ್ಮೆಗೇ ಕೊಟ್ಟಿದ್ದರೆ ಹೋಗುತ್ತಿದ್ದುದು 65 ಸೆಂಟ್. ಆದ್ದರಿಂದ ತಿಂಗಳಿಗೆ 5 ಡಾಲರಿಗಿಂತ ಕಡಿಮೆ ಕೊಡಬಯಸುವವರಿಗೆ ವರ್ಷದ ಚಂದಾವನ್ನೇ ಮುಂದಿಡಬೇಕು.

ಭಾರತದ ಬಳಕೆದಾರರನ್ನು ನೆಚ್ಚಿದ ತಂಡಕ್ಕೆ ಕಾರ್ಡಿನ ಚಂದಾ ಒಳ್ಳೆಯ ಆಯ್ಕೆಯಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ತಾನಾಗಿ ಕಡಿತವಾಗುವ ಪಾವತಿಗಳಿಗೆ ಮುಂಗಡ ಸೂಚನೆಯನ್ನೂ, ಮೊದಲ ನೋಂದಣಿಗೆ ಹೆಚ್ಚುವರಿ ದೃಢೀಕರಣವನ್ನೂ ಕಡ್ಡಾಯಗೊಳಿಸಿತು. ಗ್ರಾಹಕರ ರಕ್ಷಣೆಗೆ ಇದು ಬೇಕಿತ್ತು, ಆದರೆ ಅದಕ್ಕೆ ಹೊಂದಿಕೊಳ್ಳದ ವಿದೇಶಿ ತಾಣಗಳಲ್ಲಿದ್ದ ಅನೇಕ ಚಂದಾಗಳು ಅಂದಿನಿಂದ ನಿಂತುಹೋದವು. ನಮ್ಮವರು ಕೊಡಬೇಕಾದರೆ ಯುಪಿಐ ಬೇಕು. ಅದರಲ್ಲಿ ಬ್ಯಾಂಕ್ ಖಾತೆಯಿಂದ ಕೊಡುವ ಹಣಕ್ಕೆ 2020ರಿಂದ ವ್ಯಾಪಾರಿ ಶುಲ್ಕವಿಲ್ಲದ ಕಾರಣ 50 ರೂಪಾಯಿ ಕೊಟ್ಟರೂ ಸೋರಿಕೆಯಿಲ್ಲ. ಹೊರದೇಶದಲ್ಲಿರುವ ಕನ್ನಡಿಗರ ಪೈಕಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಎಂಬ ಅನಿವಾಸಿ ಬ್ಯಾಂಕ್ ಖಾತೆಯುಳ್ಳವರಿಗೂ, ಕೆಲವು ದೇಶಗಳ ಮೊಬೈಲ್ ಸಂಖ್ಯೆಯ ಮೂಲಕವೇ ಯುಪಿಐ ಬಳಸಲು 2023ರಿಂದ ಅವಕಾಶವಿದೆ.

ಒಮ್ಮೆಯ ಸಂಗ್ರಹ, ಮತ್ತು ಬಹುಮಾನ

ಗೊತ್ತಾದ ಒಂದು ಗುರಿಗಾಗಿ ಒಮ್ಮೆಗೇ ಹಣ ಕೂಡಿಸುವುದಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ ಬಹಳ ಹಿಂದಿನದು. ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶದ ಕಂಪನಿ ಮುಚ್ಚಿದ ಮೇಲೆ ಹೂಡಿಕೆದಾರರು 1 ಲಕ್ಷ ಯೂರೊ ಕೊಟ್ಟರೆ ಕೋಡನ್ನು ಮುಕ್ತಗೊಳಿಸಲು ಒಪ್ಪಿದರು. 2002ರಲ್ಲಿ ಅದನ್ನು ರೂಪಿಸಿದ ಟಾನ್ ರೂಸೆಂಡಾಲ್ ಬಳಕೆದಾರರನ್ನು ಕೇಳಿದರು, ಏಳು ವಾರಗಳಲ್ಲಿ ಹಣ ಕೂಡಿತು, ಅಕ್ಟೋಬರ್ 13ರಂದು ಕೋಡ್ ಹೊರಬಂದಿತು. ಗುರಿ ಒಂದೇ ಇತ್ತು, ಮೊತ್ತ ಗೊತ್ತಿತ್ತು, ಹಣ ಕೂಡಿದೊಡನೆ ಕೆಲಸ ಮುಗಿಯುವಂತಿತ್ತು. ಇನ್ನೂ ಬರೆಯಬೇಕಾದ ಕೋಡಿಗೆ ಹಣ ಕೂಡಿಸುವವರಿಗೆ ಈ ಮೂರು ಅನುಕೂಲಗಳಿರುವುದಿಲ್ಲ. 2013ರಲ್ಲಿ ಮೇಲ್‌ಪೈಲ್ ಎಂಬ ಇ-ಮೇಲ್ ತಂತ್ರಾಂಶದ ಯೋಜನೆ 1,63,000 ಡಾಲರಿನಷ್ಟು ಸಂಗ್ರಹಿಸಿತಾದರೂ, ಗಟ್ಟಿಯಾದ ಆವೃತ್ತಿಗಾಗಿ ಕೊಟ್ಟವರು ವರ್ಷಗಟ್ಟಲೆ ಕಾಯಬೇಕಾಯಿತು. ಕೃತಾ ತಂಡ 2014ರಿಂದ ಮೂರು ವರ್ಷ ಸತತವಾಗಿ ಕಿಕ್‌ಸ್ಟಾರ್ಟರ್ ಎಂಬ ಹಣ ಸಂಗ್ರಹದ ತಾಣದಲ್ಲಿ ಗುರಿ ಮುಟ್ಟಿತು, ಆದರೂ ಈಗ ನೆಚ್ಚಿರುವುದು ಅಭಿವೃದ್ಧಿ ನಿಧಿಯ ಚಂದಾವನ್ನು ಮತ್ತು ಸ್ಟೋರ್‌ಗಳ ಮಾರಾಟವನ್ನು. ಸಂಗ್ರಹದ ತಿಂಗಳಿಡೀ ಪ್ರಚಾರಕ್ಕೇ ಹೋಗುತ್ತದೆ, ಮುಗಿದ ಮೇಲೆ ಕೊಟ್ಟ ಭರವಸೆಗಳ ಪಟ್ಟಿ ಹೆಗಲ ಮೇಲಿರುತ್ತದೆ. ಮುದ್ರಿತ ಅಂಗಿ, ಲೋಟ ಕಳಿಸುವ ಆಮಿಷವನ್ನಂತೂ ಸಣ್ಣ ತಂಡ ಒಡ್ಡಲೇಬಾರದು, ಅಂಚೆ ವೆಚ್ಚ ಮತ್ತು ಓಡಾಟ ಕೋಡ್ ಬರೆಯುವ ದಿನಗಳನ್ನು ನುಂಗುತ್ತವೆ.

ಒಂದೊಂದು ದೋಷಕ್ಕೆ ಬಹುಮಾನ ಇಟ್ಟು ಹಣ ಕೂಡಿಸುವ ಪದ್ಧತಿಯನ್ನು ನಾನು ಯಾರಿಗೂ ಸೂಚಿಸಲಾರೆ. ಹೊಸ ಸೌಲಭ್ಯಗಳಿಗೆ ಹಣ ಬರುತ್ತದೆ, ಹಳೆಯ ಕೋಡನ್ನು ಅಚ್ಚುಕಟ್ಟು ಮಾಡುವ ಕೆಲಸಕ್ಕೆ ಯಾರೂ ಬಹುಮಾನ ಇಡುವುದಿಲ್ಲ.

ಕಣ್ಣಿಗೆ ಕಾಣದ ಲೈಬ್ರರಿಗಳು

ಬೇರೆ ತಂತ್ರಾಂಶಗಳ ಒಳಗೆ ಅಡಗಿ ಕೆಲಸ ಮಾಡುವ ಕೋಡಿಗೆ ಲೈಬ್ರರಿ ಎನ್ನುತ್ತಾರೆ. ಅದನ್ನು ಬರೆಯುವವರ ಪಾಡು ಬೇರೆ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಜಗತ್ತಿನ ಬಹುಪಾಲು ಸುರಕ್ಷಿತ ಜಾಲತಾಣಗಳನ್ನು ಹೊತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದೂ ಬೆಳಕಿಗೆ ಬಂತು. ಬ್ಯಾಂಕಿನ ತಾಣ ತೆರೆದವರಿಗೆ ಆ ಹೆಸರೇ ತಿಳಿದಿರಲಿಲ್ಲ, ಅವರು ಕೊಡುವುದಾದರೂ ಹೇಗೆ? ಸಂದೇಶಗಳನ್ನು ಗೂಢಲಿಪಿಗೆ ಬದಲಿಸುವ ಜಿಎನ್‌ಯು ಪ್ರೈವಸಿ ಗಾರ್ಡ್ ತಂತ್ರಾಂಶ ಬರೆದ ವರ್ನರ್ ಕಾಕ್ ಅವರ ಆರ್ಥಿಕ ಸಂಕಷ್ಟ 2015ರ ಫೆಬ್ರವರಿಯಲ್ಲಿ ಪತ್ರಿಕಾ ವರದಿಯಾದಾಗ ದೇಣಿಗೆ ಹರಿದುಬಂತು, ಫೇಸ್‌ಬುಕ್ ಮತ್ತು ಪಾವತಿ ಕಂಪನಿಯಾದ ಸ್ಟ್ರೈಪ್ ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಹೇಳಿದವು. ಆದರೆ ವರದಿಗಾರರು ಬರೆಯುವವರೆಗೆ ಕಾಯುವುದು ಯಾರೂ ಅನುಸರಿಸಬಹುದಾದ ಕ್ರಮವಲ್ಲ.

ಲೈಬ್ರರಿಗಳ ನಿಜವಾದ ಬಳಕೆದಾರರು ಕಂಪನಿಗಳು. ಅವುಗಳಿಗೆ ದೇಣಿಗೆಯ ಗುಂಡಿಯಿಂದ ಪ್ರಯೋಜನವಿಲ್ಲ, ಬಿಲ್ ಬೇಕು. ವರ್ಷದ ಬೆಂಬಲ ಒಪ್ಪಂದ, ಇಂತಿಷ್ಟು ದಿನಗಳಲ್ಲಿ ಭದ್ರತಾ ದೋಷಕ್ಕೆ ಉತ್ತರಿಸುವ ಭರವಸೆ, ಹಳೆಯ ಆವೃತ್ತಿಯ ನಿರ್ವಹಣೆ ಎಂಬ ಬಾಬತ್ತುಗಳಿಗೆ ಬೆಲೆ ಹೇಳಿದರೆ ಲೆಕ್ಕಪತ್ರ ವಿಭಾಗಕ್ಕೆ ಅರ್ಥವಾಗುತ್ತದೆ. ನಮ್ಮಲ್ಲಿಯೇ ಒಂದು ಒಳ್ಳೆಯ ಬೆಳವಣಿಗೆಯಾಗಿದೆ: ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರಿನಲ್ಲಿ ಆರಂಭಿಸಿದ ಫ್ಲಾಸ್ ಫಂಡ್ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ಹಂಚಲು ಮೀಸಲಿಟ್ಟಿದೆ. ಅರ್ಜಿ ಹಾಕುವವರು ತಮಗೆ ಎಷ್ಟು, ಏತಕ್ಕೆ ಬೇಕೆಂಬುದನ್ನು ಫಂಡಿಂಗ್ ಜೇಸನ್ (funding.json) ಎಂಬ ಕಡತದಲ್ಲಿ ಬರೆದು ತಮ್ಮ ಕೋಡಿನ ಜೊತೆ ಇಡಬೇಕು. ಅರ್ಜಿ ಹಾಕದವರೂ ಈ ಕಡತವನ್ನು ಬರೆದು ನೋಡುವುದು ಒಳ್ಳೆಯದು, ಏಕೆಂದರೆ ಬಳಕೆದಾರರ ಮುಂದಿಡುವ ಕೋರಿಕೆಗೂ ಅದೇ ಲೆಕ್ಕ ಬೇಕು.

ಹಣ ಸೇರುವ ಖಾತೆ

ವ್ಯಕ್ತಿಯ ಹೆಸರಿನಲ್ಲಿ ಪಡೆದರೆ ಕಾಗದಪತ್ರ ಕಡಿಮೆ, ಆದರೆ ಆ ಹಣವನ್ನು ಆದಾಯ ತೆರಿಗೆಯ ಲೆಕ್ಕಕ್ಕೆ ತರಬೇಕು. ಬಂಧುಗಳಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದ ಉಡುಗೊರೆಗೂ ತೆರಿಗೆಯಿದೆ. ಟ್ರಸ್ಟ್ ಅಥವಾ ಸಂಘ ಕಟ್ಟಿ 80ಜಿ ಅನುಮೋದನೆ ಪಡೆದರೆ ಕೊಟ್ಟವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಸಿಗುತ್ತದೆ. ಆದರೆ ಅಂಥ ಸಂಸ್ಥೆ ವಿದೇಶಿ ದೇಣಿಗೆ ಪಡೆಯಬೇಕಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಮತ್ತು 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹೊರದೇಶದ ಬಳಕೆದಾರರೇ ಹೆಚ್ಚಿರುವ ಸಣ್ಣ ತಂಡಕ್ಕೆ ಇದು ಭಾರ. ಅಂಥವರು ಸಿದ್ಧ ಪ್ರತಿ ಅಥವಾ ಬೆಂಬಲವನ್ನು ಮಾರಿ ಸೇವೆಯ ಬಿಲ್ಲಿನ ಮೇಲೆ ಹಣ ಪಡೆಯುವುದು ಸರಳ. ಮೊದಲ ರೂಪಾಯಿ ಬರುವ ಮುನ್ನವೇ ಲೆಕ್ಕಪರಿಶೋಧಕರೊಬ್ಬರನ್ನು ಕಂಡು ಮಾತನಾಡಬೇಕು.

ಎಲ್ಲ ದಾರಿಗಳನ್ನೂ ಒಟ್ಟಿಗೆ ಹಿಡಿಯುವುದು ಬೇಡ. ಪರದೆಯ ಮೇಲೆ ಕಾಣುವ ತಂತ್ರಾಂಶಕ್ಕೆ ವರ್ಷಕ್ಕೊಮ್ಮೆಯ ಕೋರಿಕೆಯನ್ನೂ, ಸ್ಟೋರ್‌ನಲ್ಲಿ ಬೆಲೆಯಿಟ್ಟ ಪ್ರತಿಯನ್ನೂ ಜೋಡಿಸಿದರೆ ಮೊದಲ ವರ್ಷಕ್ಕೆ ಸಾಕು. ಕೊಡುವವರು ಯಾರೆಂದು ತಿಳಿದ ಮೇಲೆ ಚಂದಾ ಆರಂಭಿಸಬಹುದು. ಹೀಗೆ ಜೋಡಿಸುವಾಗ ಬೆಲೆ ಕೊಟ್ಟು ಕೊಂಡವರ ಪ್ರತಿಯಿಂದ ಡಿಸೆಂಬರಿನ ಕೋರಿಕೆಯನ್ನು ತೆಗೆದುಹಾಕುವುದನ್ನು ಮರೆಯಬಾರದು. ಹಿಂದಿನ ವರ್ಷ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂಬ ನಾಲ್ಕು ಸಾಲಿನ ಲೆಕ್ಕವನ್ನು ಮುಂದಿನ ಕೋರಿಕೆಗೆ ಒಂದು ತಿಂಗಳು ಮುಂಚೆ, ಹಣ ಕೊಟ್ಟವರಿಗೂ ಕೊಡದವರಿಗೂ ಕಾಣುವಂತೆ ಪ್ರಕಟಿಸಬೇಕು.